ಪಾಯಿಂಟ್ ಕೊಟ್ಟು ತಗೊಂಡ ಟಿಕೆಟ್ಟೂ ಟಿಕೆಟ್ಟೇ

ಪ್ರಶ್ನೆ: ನಮಸ್ಕಾರ. ನಾವು ಡೊಂಬಿವಿಲಿಯವರು, ನಂಗೆ 66, ನಮ್ಮನೆಯವರಿಗೆ 70. ಮಗಳ ಬಾಣಂತನಕ್ಕೆ ಜರ್ಮನಿಯ ಹ್ಯಾಂಬರ್ಗ್‌ಗೆ ಹೋಗ್ಬೇಕು. ಮಗ ತನ್ನ ಕ್ರೆಡಿಟ್ ಕಾರ್ಡಿನ ಪಾಯಿಂಟ್ ಎಲ್ಲಾ ಒಂದು ಏರ್‌ಲೈನಿನ ಮೈಲ್ಸಿಗೆ (ಟಿಕೆಟ್ ತಗೊಳ್ಳಕ್ಕಾಗೋ ಅವರದ್ದೇ ಪಾಯಿಂಟು) ಹಾಕಿ, ಆ ಮೈಲ್ಸಲ್ಲಿ ಇನ್ನೊಂದು ಯುರೋಪಿನ ಏರ್‌ಲೈನ್ ಫ್ಲೈಟಿಗೆ ಟಿಕೆಟ್ ಮಾಡಿಸಿದ್ದ, ಮುಂಬೈಯಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಹ್ಯಾಂಬರ್ಗ್. ಈಗ ಮೇಲ್ ಬಂದಿದೆ, ಎರಡನೇ ಫ್ಲೈಟು ಒಂದೂಕಾಲು ಗಂಟೆ ಮುಂಚೆನೇ ಹೊರಡ್ತದಂತೆ, ಮಧ್ಯೆ ಸಿಗೋದು 35 ನಿಮಿಷ. ಕೆಳಗೆ ಆಕ್ಸೆಪ್ಟ್ ಅಂತ ಬಟನ್ ಇದೆ. ಫ್ರೀ ಟಿಕೆಟ್ಟಲ್ವಾ, ನಾವು ಕೇಳಿದ್ರೆ ಕೊಡ್ತಾರಾ? ಒತ್ತಿಬಿಡ್ಲಾ?

ಉತ್ತರ: ಅಮ್ಮಾ, ದಯವಿಟ್ಟು ಒತ್ಬೇಡಿ. ಒತ್ತಿದ್ರೆ ನೀವು ಹೊಸ ಟೈಮಿಗೆ ಒಪ್ಪಿದ್ರಿ ಅಂತ ಅವರ ಸಿಸ್ಟಮ್‌ನಲ್ಲಿ ದಾಖಲಾಗ್ತದೆ, ಆಮೇಲೆ ಬದಲಾಯಿಸ್ಬೇಕು ಅಂದ್ರೆ ನೀವೇ ನಿಮ್ಮಿಷ್ಟಕ್ಕೆ ಕೇಳ್ತಿದ್ದೀರಿ ಅನ್ನೋ ಲೆಕ್ಕಕ್ಕೆ ಬಂದು ಚಾರ್ಜು ಕೇಳಬಹುದು.

ಇನ್ನು ಆ ಫ್ರೀ ಅನ್ನೋ ಮಾತು. ಅದನ್ನ ಫೋನಲ್ಲಂತೂ ಹೇಳ್ಲೇಬೇಡಿ, ಯಾಕಂದ್ರೆ ಅದು ನಿಜವೇ ಅಲ್ಲ. ನಿಮ್ಮ ಮಗ ಖರ್ಚು ಮಾಡಿದ್ದಕ್ಕೆ ಬ್ಯಾಂಕು ಪಾಯಿಂಟ್ ಕೊಡ್ತು, ಬ್ಯಾಂಕು ಏರ್‌ಲೈನಿಗೆ ದುಡ್ಡು ಕೊಟ್ಟು ಮೈಲ್ಸ್ ತಗೊಳ್ತು, ಆ ಏರ್‌ಲೈನು ನಿಮ್ಮಿಬ್ಬರ ಸೀಟಿಗೆ ಯುರೋಪಿನವರಿಗೆ ದುಡ್ಡು ಕೊಡ್ತದೆ, ಟ್ಯಾಕ್ಸು ನೀವೇ ಕಟ್ಟಿದ್ದೀರಿ. ನಮ್ಮ ಮುಂಬೈ ಕಡೆಯ ಎಷ್ಟೋ ಹಿರಿಯರು ಈ ಒಂದು ಸಂಕೋಚದಿಂದ್ಲೇ ಏನು ಕೊಟ್ಟರೂ ಸರಿ ಅಂತ ಸುಮ್ನಾಗಿಬಿಡ್ತಾರೆ, ನಂಗೆ ಅದು ತುಂಬಾ ಬೇಜಾರಾಗೋ ವಿಷಯ.

ಟೈಮು ಯಾಕೆ ಬದಲಾಯ್ತು ಅಂದ್ರೆ, ವಿಮಾನದವರ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಮಾರ್ಚ್ ಕೊನೇ ಭಾನುವಾರ ಮತ್ತೆ ಅಕ್ಟೋಬರ್ ಕೊನೇ ಭಾನುವಾರ, ಹೊಸದಾಗ್ತದೆ, ಆದ್ರೆ ಟಿಕೆಟ್ ಮಾತ್ರ ಹತ್ತು ಹನ್ನೊಂದು ತಿಂಗಳ ಮೊದ್ಲೇ ಮಾರಕ್ಕೆ ಶುರು ಮಾಡಿರ್ತಾರೆ, ಅಷ್ಟೊತ್ತಿಗೆ ಏರ್‌ಪೋರ್ಟಿನ ಸ್ಲಾಟುಗಳೆಲ್ಲ, ಅಂದ್ರೆ ಇಳಿಯೋಕೆ ಹೊರಡೋಕೆ ಕೊಡೋ ಟೈಮು, ಪಕ್ಕಾ ಆಗಿರಲ್ಲ. ಮೈಲ್ಸ್ ಸೀಟು ಬೇಕಾದವರು ಬೇಗ ಬುಕ್ ಮಾಡ್ತಾರೆ, ಹಾಗಾಗಿ ಈ ಬದಲಾವಣೆ ಜಾಸ್ತಿ ತಟ್ಟೋದೂ ಅವರಿಗೇ.

ಈಗ ಯಾರಿಗೆ ಫೋನ್ ಮಾಡೋದು? ಯಾರ ಮೈಲ್ಸ್ ಕೊಟ್ಟಿದ್ರೋ ಅವರಿಗೆ, ಯಾರ ವಿಮಾನ ಹತ್ತುತ್ತೀರೋ ಅವರಿಗಲ್ಲ. ಗೊಂದಲ ಇದ್ರೆ ಇ-ಟಿಕೆಟ್ಟಲ್ಲಿ 13 ಅಂಕೆಯ ನಂಬರ್ ಇರ್ತದೆ ನೋಡಿ, ಮೊದಲ ಮೂರು ಅಂಕೆ ಟಿಕೆಟ್ ಕೊಟ್ಟವರು ಯಾರು ಅಂತ ಹೇಳ್ತದೆ, 098 ಅಂದ್ರೆ ಏರ್ ಇಂಡಿಯಾ, 618 ಸಿಂಗಾಪುರ್ ಏರ್‌ಲೈನ್ಸ್, 220 ಲುಫ್ತಾನ್ಸಾ. ಟಿಕೆಟ್ಟನ್ನ ಮತ್ತೆ ಬರೆದುಕೊಡೋ ಅಧಿಕಾರ ಅವರದ್ದೇ. ಅಕೌಂಟ್ ಮಗನದ್ದಾದ್ರಿಂದ ಅವನೇ ಫೋನ್ ಮಾಡ್ಲಿ, ಇಲ್ಲಾಂದ್ರೆ ಮಾಹಿತಿ ಕೊಡಕ್ಕಾಗಲ್ಲ ಅಂತಾರೆ.

ಫೋನ್ ಮಾಡೋ ಮೊದ್ಲು ಒಂದು ಹತ್ತು ನಿಮಿಷ ಕೂತು ಅದೇ ಏರ್‌ಲೈನಿನ ವೆಬ್‌ಸೈಟಲ್ಲಿ ಅದೇ ದಿನ ಫ್ರಾಂಕ್‌ಫರ್ಟಿಂದ ಹ್ಯಾಂಬರ್ಗಿಗೆ ಮುಂದಿನ ಫ್ಲೈಟ್ ಯಾವುದು ಅಂತ ನೋಡಿ ನಂಬರ್ ಬರೆದಿಟ್ಕೊಳ್ಳಿ, ಆ ದಾರಿಯಲ್ಲಿ ದಿನಕ್ಕೆ ಬೇಕಾದಷ್ಟು ಫ್ಲೈಟುಗಳಿವೆ. ಏನಾದ್ರೂ ಮಾಡಿಕೊಡಿ ಅಂದ್ರೆ ಅವರು ಕಂಪ್ಯೂಟರ್ ತೋರಿಸಿದ್ದನ್ನೇ ಕೊಡ್ತಾರೆ, ಈ ಫ್ಲೈಟಿಗೆ ಹಾಕಿ ಅಂತ ನಂಬರ್ ಸಮೇತ ಹೇಳಿದ್ರೆ ಕೆಲಸ ಬೇಗ ಆಗ್ತದೆ. ಹೇಳಬೇಕಾದ್ದು ಇಷ್ಟೇ: ಇದು ನಾನು ಕೇಳಿದ ಬದಲಾವಣೆ ಅಲ್ಲ, ಏರ್‌ಲೈನ್ ಮಾಡಿದ್ದು, ಕನೆಕ್ಷನ್ ಸಿಗಲ್ಲ. ಅವರ ಭಾಷೇಲಿ ಇದಕ್ಕೆ ಇನ್‌ವಾಲಂಟರಿ ಚೇಂಜ್ ಅಂತಾರೆ, ಆ ಪದ ಹಾಕಿಯೇ ಕೇಳಿ. ಫ್ರಾಂಕ್‌ಫರ್ಟಲ್ಲಿ ಕನೆಕ್ಷನ್ನಿಗೆ ಕನಿಷ್ಠ 45 ನಿಮಿಷ ಅಂತ ಸಾಮಾನ್ಯ ಲೆಕ್ಕ, ನಿಮಗೆ ಉಳಿದಿರೋದು ಅದಕ್ಕಿಂತಲೂ ಕಮ್ಮಿ, ಅದೂ ಷೆಂಗೆನ್‌ನ (ಒಂದೇ ವೀಸಾದ ಯುರೋಪ್ ದೇಶಗಳ ಗುಂಪು) ಪಾಸ್‌ಪೋರ್ಟ್ ಚೆಕ್ ನಿಮಗೆ ಅಲ್ಲೇ ಆಗ್ಬೇಕು, ಮತ್ತೆ ಸೆಕ್ಯುರಿಟಿ, ಆ ವಯಸ್ಸಲ್ಲಿ ಓಡೋ ಮಾತೇ ಇಲ್ಲ.

ಆ ಫ್ಲೈಟಲ್ಲಿ ರಿವಾರ್ಡ್ ಸೀಟ್, ಅಂದ್ರೆ ಮೈಲ್ಸಿಗೆ ಕೊಡೋ ಸೀಟು, ಇಲ್ಲ ಅಂತ ಒಂದು ಮಾತು ಬಂದೇ ಬರ್ತದೆ. ಅಲ್ಲಿಗೇ ಫೋನ್ ಇಟ್ಟುಬಿಡಬೇಡಿ. ಏರ್‌ಲೈನೇ ಟೈಮ್ ಬದಲಾಯಿಸಿದಾಗ ವಿಮಾನ ಹಾರಿಸೋರನ್ನ ಕೇಳಿ ಮಾಮೂಲಿ ಸೀಟನ್ನೇ ತೆಗೆಸಿಕೊಳ್ಳೋ ದಾರಿ ಇದೆ, ಅವರ ಪಾರ್ಟ್ನರ್ ಡೆಸ್ಕಿಗೆ (ಜೊತೆ ಏರ್‌ಲೈನುಗಳ ಕೆಲಸ ನೋಡೋ ವಿಭಾಗ) ಕೇಳಿ ನೋಡಿ ಅನ್ನಿ, ಎಲ್ಲಾ ಏಜೆಂಟರಿಗೂ ಇದು ಗೊತ್ತಿರಲ್ಲ, ಗೊತ್ತಿಲ್ಲದವರು ಸಿಕ್ಕಿದ್ರೆ ಥ್ಯಾಂಕ್ಸ್ ಹೇಳಿ ಇಟ್ಟು ಇನ್ನೊಂದು ಸಲ ಮಾಡಿ. ಜಗಳ ಆಡಿ ಪ್ರಯೋಜನ ಇಲ್ಲ, ಆ ಕಡೆ ಕೂತವರ ಕೈಯಲ್ಲೇ ನಿಮ್ಮ ಕೆಲಸ ಇರೋದು.

ಕಾನೂನೂ ನಿಮ್ಮ ಕಡೆ ಇದೆ. ಯುರೋಪಿಯನ್ ಒಕ್ಕೂಟದ ಏರ್‌ಲೈನ್ ಆದ್ರಿಂದ ಮುಂಬೈಯಿಂದ ಹೋಗೋವಾಗ್ಲೂ ಅಲ್ಲಿನ 2004ರ 261ನೇ ನಿಯಮ ಅನ್ವಯ ಆಗ್ತದೆ, ಫ್ರೀಕ್ವೆಂಟ್ ಫ್ಲೈಯರ್ ಟಿಕೆಟ್ಟಿಗೂ, ಅಂದ್ರೆ ಮೈಲ್ಸ್ ಟಿಕೆಟ್ಟಿಗೂ, ಇದು ಅನ್ವಯ ಅಂತ ಅದರಲ್ಲೇ ಸ್ಪಷ್ಟವಾಗಿ ಬರೆದಿದೆ. ಒಂದು ಗಂಟೆಗಿಂತ ಜಾಸ್ತಿ ಮುಂಚೆ ಹೊರಡಿಸಿದ್ರೆ ಫ್ಲೈಟ್ ಕ್ಯಾನ್ಸಲ್ ಮಾಡಿದ ಹಾಗೇ ಅಂತ 2021ರ ಡಿಸೆಂಬರಲ್ಲಿ ಅಲ್ಲಿನ ಕೋರ್ಟು ಹೇಳಿದೆ, ನಿಮ್ಮದು ಒಂದೂಕಾಲು ಗಂಟೆ. ಎರಡು ವಾರಕ್ಕಿಂತ ಮೊದ್ಲೇ ತಿಳಿಸಿದ್ರೆ ಪರಿಹಾರದ ದುಡ್ಡು ಸಿಗಲ್ಲ, ಆದ್ರೆ ಬೇರೆ ಫ್ಲೈಟೋ ರಿಫಂಡೋ ಅಂತ ಆರಿಸೋದು ನೀವು, ಅವರಲ್ಲ.

ರಿಫಂಡ್ ತಗೋಬೇಡಿ ಅಂತ ನನ್ನ ಸಲಹೆ. ಮೈಲ್ಸ್ ವಾಪಸ್ ಬರೋದು ಆ ಏರ್‌ಲೈನಿನ ಅಕೌಂಟಿಗೆ, ಕಾರ್ಡಿಗೆ ಮತ್ತೆ ಹೋಗಲ್ಲ, ಅವಧಿ ಮುಗಿಯೋ ಭಯ ಬೇರೆ, ಮತ್ತೆ ಇದೇ ತಾರೀಖಿಗೆ ಎರಡು ರಿವಾರ್ಡ್ ಸೀಟ್ ಹುಡುಕೋದು ಬಹಳ ಕಷ್ಟ, ಬಾಣಂತನದ ದಿನ ಮುಂದೆ ಹಾಕಕ್ಕಾಗಲ್ವಲ್ಲ.

ಹೊಸ ಫ್ಲೈಟ್ ಸಿಕ್ಕಿತು ಅಂದ್ಮೇಲೂ ಒಂದು ಕೆಲಸ ಬಾಕಿ ಇರ್ತದೆ, ಇದನ್ನೇ ಜನ ಮರೆಯೋದು. ಬುಕಿಂಗ್ ಬದಲಾಗೋದು ಬೇರೆ, ಟಿಕೆಟ್ ಬದಲಾಗೋದು ಬೇರೆ. ಬುಕಿಂಗಲ್ಲಿ ಹೊಸ ಟೈಮ್ ಕಾಣ್ತಿರ್ತದೆ, ಟಿಕೆಟ್ ಮಾತ್ರ ಹಳೇ ಫ್ಲೈಟಿನದ್ದೇ ಇರ್ತದೆ, ಮಧ್ಯರಾತ್ರಿ ಸಹಾರ್ ಟರ್ಮಿನಲ್ 2ರ ಕೌಂಟರಿನಲ್ಲಿ ನಿಂತಾಗ ನಿಮ್ಮ ಟಿಕೆಟ್ ಇಲ್ಲ ಅಂತಾರೆ. ಟಿಕೆಟ್ ರೀಇಶ್ಯೂ ಆಯ್ತಾ ಅಂತ ಕೇಳಿ, ಹೊಸ ಇ-ಟಿಕೆಟ್ ಮೇಲಿಗೆ ತರಿಸ್ಕೊಳ್ಳಿ, ಆಮೇಲೆ ವಿಮಾನ ಹಾರಿಸೋರ ಪಿಎನ್‌ಆರ್ ಕೇಳಿ ತಗೊಂಡು (ಅದು ಬೇರೆ ಇರಬಹುದು) ಅವರ ವೆಬ್‌ಸೈಟಲ್ಲೂ ಎರಡೂ ಫ್ಲೈಟ್ ಕನ್ಫರ್ಮ್ ಅಂತ ಇದ್ಯಾ ನೋಡಿ. ವೀಲ್‌ಚೇರು, ವೆಜ್ ಊಟ, ಸೀಟ್ ನಂಬರು ಇವೆಲ್ಲ ಹಳೇ ಫ್ಲೈಟಿನ ಜೊತೆಗೇ ಬಿದ್ದುಹೋಗಿರಬಹುದು, ಮತ್ತೆ ಹಾಕಿಸಿ.

ಪ್ರಶ್ನೆ: ಮಡಗಾಂವ್‌ನಲ್ಲಿರೋದು. ಬೆಂಗಳೂರಿಂದ ದಾಬೋಲಿಂಗೆ ಪಾಯಿಂಟಲ್ಲಿ ಮಾಡಿದ ಟಿಕೆಟ್, ಈಗ ಮೋಪಾಕ್ಕೆ ಬದಲಾಯಿಸಿದ್ದಾರೆ, ಅದೂ ರಾತ್ರಿ ಫ್ಲೈಟು. ಎರಡೂ ಗೋವಾನೇ ಅಲ್ವಾ ಅಂತಾರೆ ಕಸ್ಟಮರ್ ಕೇರಿನವರು.

ಉತ್ತರ: ಅಲ್ಲ. ಮೋಪಾ 2023ರ ಜನವರಿಯಲ್ಲಿ ಶುರುವಾದ ಬೇರೆಯೇ ಏರ್‌ಪೋರ್ಟು, ಇರೋದು ಪೆರ್ನೆಂ ತಾಲೂಕಲ್ಲಿ, ಗೋವಾದ ಆ ತುದಿ. ದಾಬೋಲಿಂ ವಾಸ್ಕೋ ಪಕ್ಕ, ನಿಮಗೆ ಹತ್ತಿರ. ಟಿಕೆಟ್ ಮೇಲಿನ ಕೋಡೂ ಬೇರೆ, ದಾಬೋಲಿಂ ಜಿಒಐ, ಮೋಪಾ ಜಿಒಎಕ್ಸ್. ಟೈಮ್ ಬದಲಾಯ್ತು ಅಂತ ಹೇಳ್ಬೇಡಿ, ನನ್ನ ದಾಬೋಲಿಂ ಫ್ಲೈಟ್ ಕ್ಯಾನ್ಸಲ್ ಆಗಿದೆ ಅಂತ ಹೇಳಿ. ಫ್ಲೈಟ್ ಕ್ಯಾನ್ಸಲ್ ಮಾಡಿದ್ರೆ ಪ್ರಯಾಣಿಕರಿಗೆ ಒಪ್ಪಿಗೆಯಾಗೋ ಬೇರೆ ಫ್ಲೈಟ್ ಅಥವಾ ರಿಫಂಡ್ ಕೊಡ್ಬೇಕು ಅಂತ ನಮ್ಮ ದೇಶದ ವಿಮಾನಯಾನ ನಿಯಂತ್ರಕರಾದ ಡಿಜಿಸಿಎಯ ನಿಯಮ ಇದೆ. ಹಿಂದಿನ ಮುಂದಿನ ದಿನದ ದಾಬೋಲಿಂ ಫ್ಲೈಟ್ ಇದ್ರೆ ಅದನ್ನ ಕೇಳಿ, ಇಲ್ಲಾಂದ್ರೆ ಪಾಯಿಂಟು, ಟ್ಯಾಕ್ಸು ಎರಡೂ ಪೂರ್ತಿ ವಾಪಸ್, ಕ್ಯಾನ್ಸಲೇಶನ್ ಚಾರ್ಜ್ ಇಲ್ದೆ. ಒಪ್ಪದಿದ್ರೆ ಲಿಖಿತವಾಗಿ ಮೇಲ್ ಹಾಕಿ, ಅದಕ್ಕೂ ಉತ್ತರ ಬರ್ದಿದ್ರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ವೆಬ್‌ಸೈಟಲ್ಲಿ ದೂರು ಕೊಡಿ.

ಪ್ರಶ್ನೆ: ಪುಣೆಯಿಂದ ದಿಲ್ಲಿಗೆ ದುಡ್ಡು ಕೊಟ್ಟ ಟಿಕೆಟ್, ದಿಲ್ಲಿಯಿಂದ ಟೋಕಿಯೋಗೆ ಮೈಲ್ಸ್ ಟಿಕೆಟ್, ಬೇರೆ ಬೇರೆ ಬುಕಿಂಗ್. ಪುಣೆ ಫ್ಲೈಟ್ ಮೂರು ಗಂಟೆ ತಡ ಮಾಡಿದ್ದಾರೆ, ಕನೆಕ್ಷನ್ ತಪ್ತದೆ. ಟೋಕಿಯೋ ಟಿಕೆಟ್ ಫ್ರೀಯಾಗಿ ಬದಲಾಯಿಸ್ತಾರಾ?

ಉತ್ತರ: ಇಲ್ಲ, ಅವರ ಫ್ಲೈಟು ಟೈಮಿಗೇ ಇದೆಯಲ್ಲ. ಒತ್ತಾಯ ಮಾಡ್ಬೇಕಾದ್ದು ಪುಣೆ ಟಿಕೆಟಿನವರ ಹತ್ರ, ಬೆಳಗಿನ ಫ್ಲೈಟಿಗೋ ಹಿಂದಿನ ರಾತ್ರಿಯದ್ದಕ್ಕೋ ಹಾಕಿ ಅಂತ ಇವತ್ತೇ ಕೇಳಿ, ಸೀಟ್ ಖಾಲಿ ಇರೋವಾಗ್ಲೇ. ನಂಗಾದ್ರೆ ಹಿಂದಿನ ರಾತ್ರಿಯದ್ದೇ ವಾಸಿ, ಯಾಕಂದ್ರೆ ಚಳಿಗಾಲದಲ್ಲಿ ದಿಲ್ಲಿಯ ಮಂಜು ಯಾವ ವೇಳಾಪಟ್ಟಿನೂ ಕೇಳಲ್ಲ, ಒಂದು ರಾತ್ರಿ ಹೋಟೆಲಿನ ಖರ್ಚು ಟೋಕಿಯೋ ಟಿಕೆಟ್ ಕಳ್ಕೊಳ್ಳೋದಕ್ಕಿಂತ ಎಷ್ಟೋ ಕಮ್ಮಿ. ಟೋಕಿಯೋಗೆ ಹೋಗೋ ಫ್ಲೈಟಿಗೆ ಬರದಿದ್ರೆ ನೋ ಶೋ ಅಂತ ಬರೆದು ಅದೇ ಟಿಕೆಟಿನ ವಾಪಸ್ ಬರೋ ಸೀಟನ್ನೂ ಕ್ಯಾನ್ಸಲ್ ಮಾಡ್ತಾರೆ, ಹಾಗಾಗಿ ಎಷ್ಟೇ ತಡವಾದ್ರೂ ಟೋಕಿಯೋ ಫ್ಲೈಟ್ ಹೊರಡೋ ಮೊದ್ಲು ಒಂದು ಫೋನ್ ಮಾಡಿ ಬದಲಾಯಿಸ್ಕೊಳ್ಳಿ, ಆಗ ಕೊಡೋ ಚಾರ್ಜು ಕೊಟ್ಟುಬಿಡಿ.