ಹಳ್ಳಿ ಜನರ ಜೊತೆ ವಿಶ್ವವಿದ್ಯಾಲಯ ಮಾಡಿದ ಆರೋಗ್ಯ ಸಂಶೋಧನೆ: ಪಾಲುದಾರಿಕೆ ಹೇಗಿತ್ತು ಅಂತ ಅಳೆಯಲು ಯಾವ ಪ್ರಶ್ನಾವಳಿ ಒಳ್ಳೆಯದು?

ಮೊದಲ ಹಂತ ಮುಗಿದಿದೆ, ನಿಮ್ಮ ಸಂಸ್ಥೆಯ ಹುಡುಗರ ಕೈಲೇ ಮೌಲ್ಯಮಾಪನ ಮಾಡಿಸಬೇಕು ಅಂತಿದ್ದೀರಿ, ಪ್ರಶ್ನಾವಳಿ ಮಾತ್ರ ಬೇಕು. ಅಯ್ಯೋ, ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ.

ಪಾವಗಡ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ. ಅದನ್ನೂ ಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಸೊಂಟ, ಕುತ್ತಿಗೆ, ಮಂಡಿ ಬಿಗಿದುಕೊಳ್ಳುತ್ತವೆ. ಇದರ ಮೇಲೆ ಸಂಶೋಧನೆಗೆ ಒಂದು ವಿಶ್ವವಿದ್ಯಾಲಯ ಬಂತು. ನಾನಿದ್ದ ಪುಟ್ಟ ಸಂಸ್ಥೆ ಅದರ 'ಸಮುದಾಯ ಪಾಲುದಾರ'. ಮನೆಮನೆಯಿಂದ ನೀರು, ಮೂತ್ರದ ಸ್ಯಾಂಪಲ್ ತೆಗೆದುಕೊಂಡು, ಬಾಟಲಿ ಮೇಲೆ ಮಾರ್ಕರ್‌ನಲ್ಲಿ ಮನೆ ನಂಬರ್ ಬರೆದು ಬೆಂಗಳೂರಿಗೆ ಕಳಿಸುವುದು ನನ್ನ ಕೆಲಸ.

ಕೊನೆಗೆ ಮೌಲ್ಯಮಾಪನದ ಫಾರಂ ಬಂತು. ನಂಬಿಕೆ, ಗೌರವ, ಭಾಗವಹಿಸುವಿಕೆ, ತೃಪ್ತಿ. ಒಂದೊಂದಕ್ಕೂ 1ರಿಂದ 5 ಅಂಕ. ಓದು ಬರದವರಿಗೆ ಅಳುಮುಖದಿಂದ ನಗುಮುಖದವರೆಗೆ ಐದು ಚಿತ್ರ. ನಾನೇ ಹೋಗಿ ತುಂಬಿಸಿಕೊಂಡು ಬಂದೆ.

ಕೆಟ್ಟಿದ್ದು ಅಲ್ಲೇ. ಸ್ವಲ್ಪ ಉದ್ದ ಆದರೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಆ ಊರುಗಳಲ್ಲಿ ನಾನು ಯಾರು? ವೃದ್ಧಾಪ್ಯ ವೇತನದ ಅರ್ಜಿ ಬರೆದುಕೊಟ್ಟವನು. ಆಧಾರ್‌ನಲ್ಲಿ ತಪ್ಪಾದ ಹೆಸರು ಸರಿ ಮಾಡಿಸಿದವನು. ನಾಳೆ ಇನ್ನೇನೋ ಕೆಲಸಕ್ಕೆ ಮತ್ತೆ ಬೇಕಾಗುವವನು. ಅಂಥವನು ಜಗಲಿ ಮೇಲೆ ಕೂತು, ಅವರು ಕೊಟ್ಟ ಕಾಫಿ ಕುಡಿದು, "ನಮ್ಮ ಮೇಲೆ ನಂಬಿಕೆ ಇದೆಯಾ ಅಜ್ಜಿ?" ಅಂದರೆ ಅಜ್ಜಿ ಏನು ಹೇಳಬೇಕು? "ಯಾವ ಮುಖ ಒತ್ತಿದ್ರೆ ನಿಂಗೆ ಒಳ್ಳೇದಪ್ಪ?" ಅಂತ ಒಬ್ಬರು ನೇರವಾಗಿ ಕೇಳಿಯೇಬಿಟ್ಟರು. ನಿಮ್ಮಿಷ್ಟ ಅಂದೆ. ನನ್ನ ಮುಖ ನೋಡಿಕೊಂಡೇ ಐದನೆಯದಕ್ಕೆ ಬೆರಳಿಟ್ಟರು.

ಬೆರಳಿಟ್ಟ ಮೇಲೆ ಎಲ್ಲರದ್ದೂ ಒಂದೇ ಮಾತು: "ನಮ್ ನೀರಿಂದು ರಿಪೋರ್ಟ್ ಬಂತಾ ಸಾರ್?" ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೆಳಗೆ 'ಇತರೆ' ಅಂತ ಒಂದು ಗೆರೆ ಇತ್ತು, ಅಲ್ಲಿ ಬರೆದೆ. ಕಂಪ್ಯೂಟರಿಗೆ ಏರಿಸುವಾಗ ನೋಡಿದರೆ ಶೀಟಿನಲ್ಲಿ 'ಇತರೆ' ಅನ್ನೋ ಕಾಲಮ್ಮೇ ಇಲ್ಲ. ಆಮೇಲೆ ಬರೆಯುವುದನ್ನೇ ಬಿಟ್ಟೆ. ಊರಿನವರು ಮಾಡುತ್ತಿದ್ದ ನಿಜವಾದ ಮೌಲ್ಯಮಾಪನ ಆ ಒಂದು ಪ್ರಶ್ನೆ. ನಾನು ಅದನ್ನು ಕಸದ ಹಾಗೆ ಗುಡಿಸಿಹಾಕಿದೆ.

ರಿಪೋರ್ಟ್ ಅವರಿಗೆ ಸುಮ್ನೆ ಕುತೂಹಲಕ್ಕೆ ಬೇಕಿರಲಿಲ್ಲ. ದಿನಾ ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊರಬೇಕಾ, ಬೋರ್ ನೀರೇ ಸಾಕಾ ಅನ್ನೋದು ಅದರ ಮೇಲೆ ನಿಂತಿತ್ತು. ಎಷ್ಟೋ ಮನೆಯವರು ನೀರು ಕಾಯಿಸಿ ಕುಡಿದರೆ ಸರಿಹೋಗುತ್ತದೆ ಅಂದುಕೊಂಡಿದ್ದರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಇತ್ತ ವಿಶ್ವವಿದ್ಯಾಲಯದವರು ಸಂಶೋಧನಾ ಪೇಪರ್ ಪ್ರಕಟವಾಗಲಿ, ಆಮೇಲೆ ಕೊಡೋಣ ಅಂದರು. ನಾವೂ ತಲೆಯಾಡಿಸಿದೆವು.

ಸರಾಸರಿ ಅಂಕ ಐದರ ಹತ್ತಿರ ಬಂತು. ಎಲ್ಲರಿಗೂ ಖುಷಿ. ಎರಡನೇ ಹಂತಕ್ಕೆ ಬಾಟಲಿ ಹಿಡಿದು ಹೋದರೆ ಬಾಗಿಲು ತೆಗೆಯುವವರಿಲ್ಲ. "ಖಾಲಿ ಬಾಟ್ಲಿ ತರ್ತೀರ, ತುಂಬಿಸ್ಕೊಂಡು ಹೋಗ್ತೀರ, ಆಮೇಲೆ ಪತ್ತೇನೇ ಇರಲ್ಲ" ಅಂತ ಒಬ್ಬ ಹೆಂಗಸು ಬೀದಿಯಲ್ಲೇ ಹೇಳಿದಳು. ಸ್ಯಾಂಪಲ್ ಸಾಲಲಿಲ್ಲ, ದುಡ್ಡು ನಿಂತಿತು, ನನ್ನ ಕೆಲಸವೂ ಹೋಯಿತು.

ಇದೇನು ನಮ್ಮ ಕಡೆಯದು ಮಾತ್ರವಲ್ಲ. ಅಮೆರಿಕದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಹವಸುಪಾಯ್ ಬುಡಕಟ್ಟಿನವರು 1990ರ ಸುಮಾರಿಗೆ ಸಕ್ಕರೆ ಕಾಯಿಲೆಯ ಸಂಶೋಧನೆ ಅಂತ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಗೆ ರಕ್ತ ಕೊಟ್ಟರು. ಅದೇ ರಕ್ತ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ, ಪೂರ್ವಜರ ವಲಸೆ ಇಂಥ ಅಧ್ಯಯನಗಳಿಗೂ ಹೋಗಿತ್ತು. 2003ರಲ್ಲಿ ಇದು ಗೊತ್ತಾಗಿದ್ದು ಅಲ್ಲಿನ ಒಂದು ಪಿಎಚ್‌ಡಿ ಪ್ರಬಂಧ ಮಂಡನೆಯಲ್ಲಿ ಕೂತಿದ್ದ ಅದೇ ಬುಡಕಟ್ಟಿನ ಹೆಣ್ಣುಮಗಳು ಎದ್ದು ಪ್ರಶ್ನೆ ಕೇಳಿದಾಗ. ಕೋರ್ಟಿಗೆ ಹೋಗಿ, 2010ರಲ್ಲಿ ರಾಜಿಯಾಗಿ, 7 ಲಕ್ಷ ಡಾಲರ್ ಜೊತೆ ಉಳಿದ ರಕ್ತವೂ ವಾಪಸ್ ಬಂತು. ರಕ್ತ ಕೊಟ್ಟ ಹೊತ್ತಿನಲ್ಲಿ 'ತೃಪ್ತಿ ಇದೆಯಾ' ಅಂತ ಕೇಳಿದ್ದರೆ ಅವರೂ ಇದೆ ಅಂತಲೇ ಹೇಳುತ್ತಿದ್ದರೇನೋ.

ಹಾಗಾಗಿ ಯಾವ ಪ್ರಶ್ನಾವಳಿ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ನಿಮ್ಮ ಸಭೆಗಳ ನಡಾವಳಿ ಪುಸ್ತಕ ತೆಗೆಯಿರಿ. ಊರಿನವರು ಬೇಡ ಅಂದಿದ್ದಕ್ಕೆ ಬದಲಾದ ತೀರ್ಮಾನ ಒಂದಾದರೂ ಇದೆಯಾ? ಇಲ್ಲದಿದ್ದರೆ ಅವರನ್ನು ಪಾಲುದಾರರು ಅಂತ ಕರೆಯಬೇಡಿ. ಆಮೇಲೆ ಲೆಕ್ಕದ ಪುಸ್ತಕ. ಅನುದಾನದಲ್ಲಿ ಎಷ್ಟು ಕ್ಯಾಂಪಸ್‌ನಲ್ಲೇ ಉಳಿಯಿತು, ಎಷ್ಟು ಊರಿಗೆ ಬಂತು? ಪರೀಕ್ಷೆ ಆದ ದಿನಕ್ಕೂ ಫಲಿತಾಂಶ ಮನೆಯವರ ಕೈ ಸೇರಿದ ದಿನಕ್ಕೂ ಎಷ್ಟು ಅಂತರ ಅಂತ ಮನೆಮನೆಗೂ ಬರೆದಿಡಿ. ಪೇಪರ್ ಬರಲಿ ಅಂತ ಯಾರಾದರೂ ಅಂದರೆ, ಸಂಶೋಧನೆಯ ಫಲ ಜನಕ್ಕೂ ತಲುಪಬೇಕು ಅನ್ನುವ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯನ್ನು ಮುಂದಿಡಿ.

ನಿಮ್ಮ ಹುಡುಗರನ್ನು ಕಳಿಸಲೇಬೇಡಿ. ಪಕ್ಕದ ತಾಲ್ಲೂಕಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳನ್ನು ಕರೆಸಿ. ಕೂಲಿ ಬಿಟ್ಟು ಬರುತ್ತಾರೆ, ಅದಕ್ಕೆ ಕಮ್ಮಿಯಾಗದಂತೆ ದಿನದ ದುಡ್ಡು ಕೊಡಿ. ಅಂಕ ಬೇಡ, ಜನ ಏನು ಕೇಳಿದರೋ ಅದನ್ನೇ ಬರೆದುಕೊಂಡು ಬರಲಿ. ದುಡ್ಡು ಕೊಟ್ಟವರಿಗೆ ಅಂಕ ಬೇಕೇ ಬೇಕು ಅಂದರೆ ಫಾರಂ ತುಂಬಿಸಿ ಕೊಡಿ, ಆದರೆ ಜನ ಕೇಳಿದ ಪ್ರಶ್ನೆಗಳ ಪಟ್ಟಿ ಅದರ ಮೇಲಿನ ಹಾಳೆಯಾಗಿರಲಿ. ಪ್ರೊಫೆಸರ್ ಒಪ್ಪದಿದ್ದರೆ, ಒಪ್ಪಲಿಲ್ಲ ಅನ್ನುವುದನ್ನೂ ವರದಿಯಲ್ಲೇ ಬರೆಯಿರಿ.