ಮಗು ನಿಮ್ಮ ದನಿಯನ್ನು ಮರೆತಿಲ್ಲ

ಪ್ರಶ್ನೆ: ಎಂಟನೇ ತಿಂಗಳಿನಲ್ಲೇ ಸಿಸೇರಿಯನ್ ಆಗಿ ಹುಟ್ಟಿದ ನನ್ನ ಮಗಳು 1.8 ಕೆ.ಜಿ. ಇದ್ದಳು. ಹುಟ್ಟಿದ ಕೂಡಲೇ ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಒಯ್ದರು. ನಾನು ಅವಳನ್ನು ಎತ್ತಿಕೊಂಡದ್ದು ಐದನೇ ದಿನ. ಈಗ ತವರಿನಲ್ಲಿದ್ದೇನೆ, ಮಗುವಿಗೆ ಒಂದು ತಿಂಗಳು. ಅಮ್ಮ ಎತ್ತಿಕೊಂಡರೆ ಸುಮ್ಮನಾಗುವವಳು ನನ್ನ ಕೈಗೆ ಬಂದೊಡನೆ ಅಳುತ್ತಾಳೆ. ತಾಯಿ-ಮಗುವಿನ ಬಾಂಧವ್ಯ ಮೊದಲ ಗಂಟೆಯಲ್ಲೇ ಬೆಸೆಯಬೇಕಂತೆ. ನಮಗೆ ಅದು ಕೈತಪ್ಪಿತೇ?
– ಹೆಸರು ಬೇಡ, ಹಾವೇರಿ

ಉತ್ತರ: ಖಂಡಿತ ಇಲ್ಲ. ಹೆರಿಗೆಯಾದ ಕೂಡಲೇ ಮಗುವನ್ನು ಒರೆಸಿ ತಾಯಿಯ ಬರಿಯ ಎದೆಯ ಮೇಲೆ ಮಲಗಿಸಬೇಕು, ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ನಿಜ. ಅದರಿಂದ ಮಗುವಿನ ಮೈ ಬೆಚ್ಚಗಿರುತ್ತದೆ, ಉಸಿರಾಟ ಹದಕ್ಕೆ ಬರುತ್ತದೆ, ಹಾಲೂಡಿಸುವುದೂ ಸುಲಭವಾಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯರಾದ ಕ್ಲಾಸ್ ಮತ್ತು ಕೆನೆಲ್ ಈ ಹೊತ್ತಿನ ಮಹತ್ವವನ್ನು ಎತ್ತಿ ಹೇಳಿದರು. ಆದರೆ ಆ ಹೊತ್ತು ಕಳೆದರೆ ಬಾಂಧವ್ಯವೇ ಬೆಳೆಯದು ಎಂಬ ಮಾತು ಮುಂದಿನ ಅಧ್ಯಯನಗಳಲ್ಲಿ ನಿಲ್ಲಲಿಲ್ಲ.

ಹೊಟ್ಟೆಯಲ್ಲಿದ್ದಾಗಲೇ ನಿಮ್ಮ ದನಿಯನ್ನು ಕೇಳುತ್ತಿದ್ದ ಮಗು ಅದನ್ನು ಗುರುತಿಸಬಲ್ಲದು. ನಿಮ್ಮ ಕೈಯಲ್ಲಿ ಅಳುವುದನ್ನು ನಿರಾಕರಣೆಯೆಂದು ದಯವಿಟ್ಟು ತಿಳಿಯಬೇಡಿ. ಎದೆಹಾಲಿನ ವಾಸನೆ ಸಿಕ್ಕೊಡನೆ ಹಾಲು ಬೇಕೆಂದು ಮಕ್ಕಳು ಅಳುವುದುಂಟು; ಆ ವಾಸನೆ ಅಜ್ಜಿಯ ಮಡಿಲಿನಲ್ಲಿಲ್ಲ.

ನಿಮ್ಮಂತಹ ತಾಯಂದಿರಿಗೆ ಕಾಂಗರೂ ಆರೈಕೆಯೇ, ಅಂದರೆ ಮಗುವನ್ನು ಬರಿಯ ಎದೆಗೆ ಅಪ್ಪಿ ಇರಿಸಿಕೊಳ್ಳುವುದೇ, ಒಳ್ಳೆಯ ದಾರಿ. 1978ರಲ್ಲಿ ಕೊಲಂಬಿಯದ ಬೊಗೋಟಾದಲ್ಲಿ, ಇನ್‌ಕ್ಯುಬೇಟರುಗಳು ಸಾಲದೆ ಒಂದರಲ್ಲೇ ಹಲವು ಶಿಶುಗಳನ್ನು ಮಲಗಿಸಬೇಕಾಗಿದ್ದಾಗ, ಡಾ. ಎಡ್ಗರ್ ರೇ ಅವರು ತೂಕ ಕಡಿಮೆಯಿದ್ದ ಮಕ್ಕಳನ್ನು ತಾಯಂದಿರ ಎದೆಗೇ ಒಪ್ಪಿಸಿದರು. ನೀವು ಮನೆಯಲ್ಲೇ ಇದನ್ನು ಮಾಡಬಹುದು. ದಿಂಬಿಗೆ ಒರಗಿ ಕುಳಿತು, ರವಿಕೆಯ ಗುಂಡಿ ಬಿಚ್ಚಿ, ಕುಲಾವಿ ಮತ್ತು ಲಂಗೋಟಿ ಮಾತ್ರ ಇರುವ ಮಗುವನ್ನು ಎರಡು ಸ್ತನಗಳ ನಡುವೆ ನೆಟ್ಟಗೆ ಇರಿಸಿಕೊಳ್ಳಿ. ಅವಳ ಕಾಲುಗಳು ಕಪ್ಪೆಯ ಕಾಲಿನಂತೆ ಮಡಿಚಿರಲಿ, ಮುಖ ಒಂದು ಬದಿಗೆ ತಿರುಗಿರಲಿ, ಮೂಗು ನಿಮಗೆ ಸದಾ ಕಾಣುತ್ತಿರಲಿ. ಮೇಲೆ ಹತ್ತಿ ಸೀರೆಯನ್ನು ಸುತ್ತಿಕೊಳ್ಳಿ. ಅತ್ತರು, ಪೌಡರು ಬೇಡ. ದಿನಕ್ಕೆ ಹಲವು ಬಾರಿ, ಒಮ್ಮೆಗೆ ಒಂದು ಗಂಟೆಯಾದರೂ ಹೀಗೆ ಕುಳಿತರೆ ಅವಳ ಎದೆಬಡಿತ ನಿಮಗೂ ತಿಳಿಯುತ್ತದೆ. ನಿದ್ದೆ ಬರುವಂತಾದರೆ ಮಗುವನ್ನು ಅಮ್ಮನ ಕೈಗೆ ಕೊಡಿ.

ಇನ್ನೊಂದು ಮಾತು. ಬೇಸರ, ಅಳು, ನಿದ್ದೆಗೇಡು ಎರಡು ವಾರಕ್ಕೂ ಹೆಚ್ಚು ಕಾಲದಿಂದ ಕಾಡುತ್ತಿದ್ದರೆ ಅದನ್ನು ಬಾಣಂತನದ ಸುಸ್ತೆಂದು ಮುಚ್ಚಿಟ್ಟುಕೊಳ್ಳದೆ ಈ ವಾರವೇ ವೈದ್ಯರಿಗೆ ಹೇಳಿ. ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ, ಹಾಲೂಡಿಸುತ್ತಿರುವಾಗಲೂ ಪಡೆಯಬಹುದು.