ಆರೋನ್ ಡೊನಾಲ್ಡ್ ಗಾಯದಿಂದ ಆಟ ಬಿಟ್ಟರಾ?

ಅಮೆರಿಕನ್ ಫುಟ್‌ಬಾಲ್ ಆಟಗಾರ ಆರೋನ್ ಡೊನಾಲ್ಡ್ 32ಕ್ಕೇ ನಿವೃತ್ತಿ ಅಂದ್ರೆ ಗಾಯವೇ ಕಾರಣವಾ ಅಂತ ಕೇಳಿದ್ದೀರಿ. ಹಾಗಲ್ಲ. 2022ರಲ್ಲಿ ಕಣಕಾಲು ನೋವಿನಿಂದ ಕೆಲವು ಪಂದ್ಯ ತಪ್ಪಿದ್ದು ನಿಜ. ಆದರೆ 2023ರಲ್ಲಿ 16 ಪಂದ್ಯ ಆಡಿದರು, ವರ್ಷದ ಶ್ರೇಷ್ಠ ಆಟಗಾರರ ಆಲ್-ಪ್ರೋ ತಂಡಕ್ಕೂ ಆಯ್ಕೆಯಾದರು. 2024ರ ಮಾರ್ಚ್‌ನಲ್ಲಿ ವಿದಾಯ ಹೇಳಿದಾಗ ಹತ್ತು ಸೀಸನ್, 111 ಸ್ಯಾಕ್ (ಚೆಂಡು ಎಸೆಯುವ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮೊದಲೇ ಕೆಡವುವುದು). ಎಲ್ಲವೂ ರ‍್ಯಾಮ್ಸ್ ತಂಡಕ್ಕೇ. 2018ರಲ್ಲೊಂದೇ 20.5! (ಇಬ್ಬರು ಸೇರಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ ಅರ್ಧರ್ಧ ಲೆಕ್ಕ.)

ನೀವು 2022ರ ಸೂಪರ್ ಬೌಲ್ ಫೈನಲ್‌ನ ಕೊನೇ ನಿಮಿಷ ಒಮ್ಮೆ ನೋಡಿ. ರ‍್ಯಾಮ್ಸ್ 23, ಬೆಂಗಾಲ್ಸ್ 20. ಬೆಂಗಾಲ್ಸ್‌ಗೆ ನಾಲ್ಕನೇ ಡೌನ್, ಅಂದ್ರೆ ಕೊನೇ ಯತ್ನ; ಮುಂದೆ ಸಾಗೋಕೆ ಒಂದೇ ಯಾರ್ಡ್ ಬೇಕು. ಡೊನಾಲ್ಡ್ ನುಗ್ಗಿ ಬೆಂಗಾಲ್ಸ್ ಕ್ವಾರ್ಟರ್‌ಬ್ಯಾಕ್ ಜೋ ಬರೋನನ್ನು ಹಿಡಿದು ಗಿರ್ರನೆ ತಿರುಗಿಸಿದರು. ಚೆಂಡು ಸುಮ್ನೆ ನೆಲಕ್ಕೆ ಬಿತ್ತು. ಡೊನಾಲ್ಡ್ ಎದ್ದವರೇ ಉಂಗುರದ ಬೆರಳು ತೋರಿಸಿದರು (ಚಾಂಪಿಯನ್ನರಿಗೆ ಉಂಗುರ ಸಿಗುತ್ತೆ). ಆಮೇಲೆ ಗೆಲ್ಲೋಕೆ ಇನ್ನೇನು ಉಳಿದಿತ್ತು, ಅಲ್ವಾ?